ಐದು ಡಾಲರ್‌ನಿಂದ ಶುರುವಾದ ಲೆಕ್ಕ: ಬ್ಲೂಮ್‌ಬರ್ಗ್ ತಾನು ಓದಿದ ಕಾಲೇಜಿಗೆ ಕೊಟ್ಟ ದುಡ್ಡು ಏನು ಮಾಡುತ್ತೆ?

ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ಹೋದ ತಿಂಗಳು ಕಾಂಪೌಂಡ್ ಗೋಡೆಗೆ ದುಡ್ಡು ಎತ್ತೋ ಮಾತು ಬಂತು. ಒಬ್ಬರು ಐದು ಸಾವಿರ ಅಂದ್ರು, ಇನ್ನೊಬ್ಬರು ಸಿಮೆಂಟ್ ಮೂಟೆ ನಾನ್ ಕೊಡಿಸ್ತೀನಿ ಅಂದ್ರು, ಅಮೆರಿಕದಲ್ಲಿರೋ ಗೆಳೆಯನೊಬ್ಬ ಮಾತ್ರ "ಗೋಡೆ ಬಿಡ್ರೋ, ಎಂಡೋಮೆಂಟ್ ಮಾಡ್ರೋ, ಬ್ಲೂಮ್‌ಬರ್ಗ್ ಮಾಡ್ದಂಗೆ" ಅಂತ ಹಾಕ್ದ. ಅರ್ಧ ಜನಕ್ಕೆ ಎಂಡೋಮೆಂಟ್ ಅಂದ್ರೇನು ಗೊತ್ತಿಲ್ಲ, ಇನ್ನರ್ಧ ಜನಕ್ಕೆ ಬ್ಲೂಮ್‌ಬರ್ಗ್ ಅಂದ್ರೆ ಟೀವಿ ಚಾನೆಲ್. ಅವತ್ತು ಅಲ್ಲಿ ಬರೆಯೋಕೆ ಶುರು ಮಾಡಿದ ಉತ್ತರ ಉದ್ದ ಆಗ್ತಾ ಹೋಯ್ತು, ಅದನ್ನೇ ಸರಿ ಮಾಡಿ ಇಲ್ಲಿ ಹಾಕ್ತಿದೀನಿ.

ಮೊದಲು ಮನುಷ್ಯ ಯಾರು ಅಂತ ನೋಡೋಣ. ಮೈಕಲ್ ಬ್ಲೂಮ್‌ಬರ್ಗ್, ಆ ಟೀವಿ ಚಾನೆಲ್ ಇರೋ ಕಂಪನಿಯ ಮಾಲೀಕ, ನ್ಯೂಯಾರ್ಕ್‌ನ ಮಾಜಿ ಮೇಯರ್, ಬೆಳೆದಿದ್ದು ಮ್ಯಾಸಚುಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಅನ್ನೋ ಊರಲ್ಲಿ, ಅಪ್ಪ ಹಾಲಿನ ಡೈರಿಯಲ್ಲಿ ಲೆಕ್ಕ ಬರೀತಿದ್ದವರು, ವರ್ಷಕ್ಕೆ ಯಾವತ್ತೂ 6,000 ಡಾಲರ್ ಮೇಲೆ ದುಡಿದೋರಲ್ಲ ಅಂತ ಈತನೇ ಬರ್ಕೊಂಡಿದಾನೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಲಿ ಇಂಜಿನಿಯರಿಂಗ್ ಓದಿದ್ದು ಸರ್ಕಾರಿ ಸಾಲ ತಗೊಂಡು, ಜೊತೆಗೆ ಪಾರ್ಕಿಂಗ್ ಲಾಟಲ್ಲಿ ಕೆಲಸ ಮಾಡ್ಕೊಂಡು. 1964ರಲ್ಲಿ ಡಿಗ್ರಿ, 1966ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಂದ ಎಂಬಿಎ. ಡಿಗ್ರಿ ಮುಗಿಸಿದ ಮುಂದಿನ ವರ್ಷ ಹಾಪ್ಕಿನ್ಸ್‌ಗೆ ಒಂದು ದೇಣಿಗೆ ಕಳಿಸ್ದ, ಐದು ಡಾಲರ್. ಕೈಲಿ ಆಗ್ತಿದ್ದಿದ್ದೇ ಅಷ್ಟು. ಆಮೇಲೆ ಅದೇ ಕಾಲೇಜಿಗೆ ಕೊಟ್ಟಿದ್ದು ಕೂಡಿಸಿದ್ರೆ ಇವತ್ತಿಗೆ 4 ಬಿಲಿಯನ್ ಡಾಲರ್ ದಾಟುತ್ತೆ.

ಎಂಬಿಎ ಆದಮೇಲೆ ಸೇರಿದ್ದು ವಾಲ್ ಸ್ಟ್ರೀಟಿನ ಸಾಲೊಮನ್ ಬ್ರದರ್ಸ್ ಅನ್ನೋ ಬಾಂಡ್, ಶೇರ್ ವ್ಯಾಪಾರದ ಕಂಪನಿಗೆ. ಹಾರ್ವರ್ಡ್ ಎಂಬಿಎ ಅಂದ ತಕ್ಷಣ ದೊಡ್ಡ ಕ್ಯಾಬಿನ್ ಕೊಟ್ರು ಅಂದ್ಕೋಬೇಡಿ, ಮೊದಲ ಕೆಲಸ ಬ್ಯಾಂಕ್ ತಿಜೋರಿ ಥರದ ಗಾಳಿ ಇಲ್ಲದ ರೂಮಲ್ಲಿ ಕೂತು ಬಾಂಡ್ ಪತ್ರ (ಅಂದ್ರೆ ಸಾಲ ಕೊಟ್ಟಿದ್ದಕ್ಕೆ ಸಿಗೋ ಪತ್ರ), ಶೇರ್ ಪತ್ರ ಎಣಿಸೋದು. 1972ಕ್ಕೆ ಪಾರ್ಟ್ನರ್ ಆದ, 1979ರಲ್ಲಿ ಟ್ರೇಡಿಂಗ್‌ನಿಂದ ಎತ್ತಿ ಕಂಪ್ಯೂಟರ್ ವಿಭಾಗಕ್ಕೆ ಹಾಕಿದ್ರು, ನಮ್ಮ ಕಡೆ ನೀರಿಲ್ಲದ ಊರಿಗೆ ಟ್ರಾನ್ಸ್‌ಫರ್ ಮಾಡ್ತಾರಲ್ಲ, ಆ ಥರ. 1981ರಲ್ಲಿ ಕಂಪನಿ ಕೈ ಬದಲಾದಾಗ 39ನೇ ವಯಸ್ಸಿಗೆ ಮನೆಗೆ ಕಳಿಸಿದ್ರು, ಆದ್ರೆ ಅವನ ಪಾಲು ಅಂತ 10 ಮಿಲಿಯನ್ ಡಾಲರ್ ಕೊಟ್ಟು ಕಳಿಸಿದ್ರು. "ಕೆಲಸದಿಂದ ತೆಗೆದ್ರು, ಆಮೇಲೆ ಕೋಟ್ಯಧಿಪತಿ ಆದ" ಅಂತ ಮೋಟಿವೇಶನ್ ವಿಡಿಯೋಗಳಲ್ಲಿ ಹೇಳೋರು ಈ 10 ಮಿಲಿಯನ್ ವಿಷಯ ಮಾತ್ರ ಯಾಕೋ ನುಂಗಿಬಿಡ್ತಾರೆ.

ಶಿಕ್ಷೆ ಅಂತ ಹಾಕಿದ ಆ ಕಂಪ್ಯೂಟರ್ ವಿಭಾಗನೇ ಕೊನೆಗೆ ಅದೃಷ್ಟ ಆಯ್ತು. ಆ ಕಾಲದಲ್ಲಿ ಬಾಂಡ್‌ಗೆ ಎಷ್ಟು ಬೆಲೆ ಅಂತ ತಿಳ್ಕೋಬೇಕಂದ್ರೆ ನಾಕಾರು ಕಡೆ ಫೋನ್ ಮಾಡಬೇಕಿತ್ತು, ಶೇರ್ ಥರ ಎಲ್ಲರಿಗೂ ಕಾಣೋ ಹಾಗೆ ಒಂದು ಬೋರ್ಡಲ್ಲಿ ಬರ್ತಿರ್ಲಿಲ್ಲ, ಬೆಲೆ ಗೊತ್ತಿದ್ದೋನೇ ರಾಜ. ಈತ ಮೂರು ಜನ ಜೊತೆಗಾರರನ್ನ ಕಟ್ಕೊಂಡು ಆ ಬೆಲೆ, ಆ ಲೆಕ್ಕಾಚಾರ ಎಲ್ಲಾನೂ ಒಂದೇ ಪರದೆ ಮೇಲೆ ತೋರಿಸೋ ಮಷೀನ್ ಮಾಡ್ದ. 1982ರಲ್ಲಿ ಮೆರಿಲ್ ಲಿಂಚ್ ಅನ್ನೋ ವಾಲ್ ಸ್ಟ್ರೀಟ್ ಕಂಪನಿ ಮೊದಲ ಗಿರಾಕಿ, 20 ಮಷೀನ್ ತಗೊಂಡ್ರು, 1985ರಲ್ಲಿ 30 ಮಿಲಿಯನ್ ಡಾಲರ್ ಹಾಕಿ ಕಂಪನಿಯ ಶೇಕಡ 30 ಪಾಲು ತಗೊಂಡ್ರು. ಆ ಮಷೀನೇ ಬ್ಲೂಮ್‌ಬರ್ಗ್ ಟರ್ಮಿನಲ್, ಇವತ್ತು ಒಂದಕ್ಕೆ ವರ್ಷದ ಬಾಡಿಗೆ 20,000 ಡಾಲರ್‌ಗಿಂತ ಹೆಚ್ಚು. ಟೀವಿ ಚಾನೆಲ್, ನ್ಯೂಸ್ ಎಲ್ಲ ಇದರ ಬಾಲ, ಹಸು ಅಂದ್ರೆ ಟರ್ಮಿನಲ್. ಕಂಪನಿನ ಶೇರ್ ಮಾರ್ಕೆಟ್‌ಗೆ ತರ್ಲೇ ಇಲ್ಲ, ಮೆರಿಲ್ ಪಾಲನ್ನೂ ಆಮೇಲೆ ವಾಪಸ್ ಕೊಂಡ್ಕೊಂಡ್ರು, ಈಗ ಹೆಚ್ಚುಕಮ್ಮಿ ಪೂರ್ತಿ ಇವನದ್ದೇ. ಈ ಮಾತು ನೆನಪಿಟ್ಕೊಳಿ, ಯಾಕಂದ್ರೆ ಮುಂದೆ ಬರೋ ಒಳ್ಳೇದು ಕೆಟ್ಟದ್ದು ಎರಡಕ್ಕೂ ಬೇರು ಇಲ್ಲೇ ಇರೋದು: ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಮನುಷ್ಯ.

ಈಗ ಎಂಡೋಮೆಂಟಿಗೆ ಬರೋಣ. ಇದನ್ನ ಅರ್ಥ ಮಾಡ್ಕೊಳೋಕೆ ಹಾರ್ವರ್ಡ್‌ಗೆ ಹೋಗ್ಬೇಕಿಲ್ಲ, ನಮ್ಮ ದೇವಸ್ಥಾನದ ಶಾಶ್ವತ ಪೂಜೆ ಸಾಕು. ಒಂದ್ಸಲ ದುಡ್ಡು ಕಟ್ತೀರಾ, ದೇವಸ್ಥಾನದೋರು ಅದನ್ನ ಬ್ಯಾಂಕಲ್ಲಿ ಇಡ್ತಾರೆ, ಅಸಲು ಮುಟ್ಟಲ್ಲ, ಬಡ್ಡಿಲಿ ಪ್ರತಿವರ್ಷ ನಿಮ್ಮ ಹೆಸರಲ್ಲಿ ಪೂಜೆ ಮಾಡಿ ಪ್ರಸಾದ ಪೋಸ್ಟಲ್ಲಿ ಕಳಿಸ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸನೂ ಇದೇ. ಯೂನಿವರ್ಸಿಟಿ ಎಂಡೋಮೆಂಟ್ ಅಂದ್ರೆ ದೊಡ್ಡ ದತ್ತಿ, ಅಷ್ಟೇ.

ಆದ್ರೆ ಶಾಶ್ವತ ಪೂಜೆಯಲ್ಲಿ ಒಂದು ತೊಂದರೆ ಇದೆ, ಅದು ಶಾಶ್ವತ ಅಲ್ಲ. ನಮ್ಮ ತಾತನ ಕಾಲದಲ್ಲಿ ಐನೂರು ರೂಪಾಯಿ ಕಟ್ಟಿದ್ದು ಈಗ ಅದರ ಬಡ್ಡಿಲಿ ಒಂದು ತೆಂಗಿನಕಾಯಿ ತಗೊಳೋದೂ ಕಷ್ಟ. ಅಸಲು ಅಷ್ಟೇ ಇದೆ, ಬೆಲೆ ಏರ್ತಾ ಹೋಯ್ತು. ಅದಕ್ಕೆ ಯೂನಿವರ್ಸಿಟಿಗಳು ಬಂದ ಲಾಭನೆಲ್ಲ ಖರ್ಚು ಮಾಡಲ್ಲ. ಲೆಕ್ಕಕ್ಕೆ ಅಂತ ತಗೊಳಿ, ವರ್ಷಕ್ಕೆ ಶೇಕಡ 8 ಲಾಭ ಬಂತು, ಬೆಲೆಯೇರಿಕೆ ಶೇಕಡ 3, ಆ 3ನ್ನ ವಾಪಸ್ ಅಸಲಿಗೆ ಸೇರಿಸಿ 5 ಮಾತ್ರ ಖರ್ಚು ಮಾಡಿದ್ರೆ ನೂರು ವರ್ಷ ಆದ್ಮೇಲೂ ಅದೇ ತೆಂಗಿನಕಾಯಿ ಬರುತ್ತೆ. ಅಮೆರಿಕದ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಶೇಕಡ ನಾಲ್ಕೂವರೆ ಐದು ಆಸುಪಾಸು ಖರ್ಚು ಮಾಡೋದು ಇದೇ ಕಾರಣಕ್ಕೆ. ಲಾಭ ಜಾಸ್ತಿ ಬರ್ಬೇಕು ಅಂತ ದುಡ್ಡನ್ನ ಶೇರು, ಬಾಂಡು, ಬೇರೆ ಬೇರೆ ಫಂಡು ಅಂತ ಹರಡಿ ಹಾಕ್ತಾರೆ, ಬರೀ ಎಫ್‌ಡಿ ನಂಬ್ಕೊಂಡು ಕೂರಲ್ಲ.

2018ರ ನವೆಂಬರ್‌ನಲ್ಲಿ ಬ್ಲೂಮ್‌ಬರ್ಗ್ ಹಾಪ್ಕಿನ್ಸ್‌ಗೆ ಒಂದೇ ಸಲಕ್ಕೆ 1.8 ಬಿಲಿಯನ್ ಡಾಲರ್ ಕೊಡ್ತೀನಿ ಅಂದ. ಆಗಿನ ಲೆಕ್ಕದಲ್ಲಿ ಸುಮಾರು 13 ಸಾವಿರ ಕೋಟಿ ರೂಪಾಯಿ. ಶೇಕಡ 5ರ ಲೆಕ್ಕ ಹಾಕಿದ್ರೆ ವರ್ಷಕ್ಕೆ 90 ಮಿಲಿಯನ್ ಡಾಲರ್ ಕೈಗೆ ಸಿಗುತ್ತೆ, ಪ್ರತಿವರ್ಷ, ಅಸಲು ಹಾಗೇ ಇದ್ದು. ಅದಕ್ಕೇ ಹೆಡ್‌ಲೈನಲ್ಲಿ 1.8 ಬಿಲಿಯನ್ ನೋಡಿ ಬಾಯಿ ಬಿಡೋದಕ್ಕಿಂತ ಈ 90 ಮಿಲಿಯನ್ ಎಲ್ಲಿಗೆ ಹೋಗುತ್ತೆ ಅಂತ ಕೇಳೋದು ಉಪಯೋಗ.

ಹೋಗೋದು ಒಂದೇ ಕಡೆಗೆ, ಡಿಗ್ರಿ ಓದೋ ಮಕ್ಕಳ ಫೀಸಿಗೆ. ಇಲ್ಲೊಂದು ವಿಷಯ ನಮ್ಮೋರಿಗೆ ತಲೆಗೆ ಹತ್ತೋದು ಸ್ವಲ್ಪ ಕಷ್ಟ, ಯಾಕಂದ್ರೆ ನಮ್ಮಲ್ಲಿ ಸಿಇಟಿ ರ‍್ಯಾಂಕ್ ಬಂತು, ಸೀಟು ಸಿಕ್ತು, ಫೀಸು ಕಟ್ಟೋದು ನಿಮ್ಮ ಹಣೆಬರಹ. ಅಲ್ಲಿ ಅಡ್ಮಿಷನ್ ಕಮಿಟಿ ಕೂತು ಒಂದೊಂದು ಅರ್ಜಿ ನೋಡುತ್ತೆ, ಎಷ್ಟೋ ಕಾಲೇಜುಗಳಲ್ಲಿ ಕೊನೆಕೊನೆಗೆ ಉಳಿದ ಸೀಟು ಹಂಚುವಾಗ ಈ ಮಗುಗೆ ಫೀಸು ಕಟ್ಟೋ ತಾಕತ್ತು ಇದೆಯಾ ಅಂತನೂ ನೋಡ್ತಾರೆ. ಇಬ್ಬರೂ ಒಂದೇ ಥರ ಬುದ್ಧಿವಂತರು, ಒಬ್ಬ ಪೂರ್ತಿ ಫೀಸು ಕಟ್ತಾನೆ, ಇನ್ನೊಬ್ಬನಿಗೆ ಕಾಲೇಜೇ ಕೊಡ್ಬೇಕು ಅಂದಾಗ ಪೆನ್ನು ಯಾರ ಹೆಸರಿಗೆ ಟಿಕ್ ಹಾಕುತ್ತೆ ಅಂತ ಹೇಳೋದೇನ್ ಬೇಡ. "ನೀಡ್ ಬ್ಲೈಂಡ್" ಅಂದ್ರೆ ಮನೆಯ ಹಣಕಾಸು ನೋಡದೇ ಸೀಟು ಕೊಡೋದು. ಆದ್ರೆ ಅದು ಅರ್ಧ ಮಾತು ಮಾತ್ರ, ಸೀಟು ಕೊಟ್ಟು ಫೀಸಿಗೆ ಸಹಾಯ ಮಾಡ್ದೇ ಇದ್ರೆ ಊಟಕ್ಕೆ ಕರ್ದು ಎಲೆ ಹಾಕ್ದಂಗಾಯ್ತು, ಅನ್ನ ಬರ್ಲಿಲ್ಲ. ಇನ್ನರ್ಧ ಏನಂದ್ರೆ ಮನೆಯೋರು ಎಷ್ಟು ಕಟ್ಟೋಕಾಗುತ್ತೆ ಅಂತ ಲೆಕ್ಕ ಹಾಕಿ ಉಳಿದಿದ್ದನ್ನ ಪೂರ್ತಿ ಕಾಲೇಜು ತುಂಬೋದು, ಅದೂ ಸಾಲ ಅಂತ ಅಲ್ಲ, ವಾಪಸ್ ಕೊಡಬೇಕಾಗಿಲ್ಲದ ನೆರವು ಅಂತ.

ಬ್ಲೂಮ್‌ಬರ್ಗ್ ದುಡ್ಡಿಂದ ಹಾಪ್ಕಿನ್ಸ್ ಈ ಎರಡೂ ಮಾಡ್ತು. ಮನೆಯ ಹಣಕಾಸು ನೋಡದೇ ಸೀಟು ಕೊಡೋದು ಕಾಯಂ ಆಯ್ತು, ನೆರವಿನಲ್ಲಿದ್ದ ಸಾಲದ ಭಾಗ ತೆಗೆದು ಪೂರ್ತಿ ಸಹಾಯಧನ ಮಾಡಿದ್ರು. ಹಾಪ್ಕಿನ್ಸ್‌ನಲ್ಲಿ ಡಿಗ್ರಿ ಓದೋರು ಐದಾರು ಸಾವಿರ ಜನ ಅಷ್ಟೇ, ಅದಕ್ಕೆ ಈ 90 ಮಿಲಿಯನ್ ಅಲ್ಲಿ ತುಂಬಾ ಜನಕ್ಕೆ ಒದಗುತ್ತೆ. ಆಮೇಲೆ 2024ರಲ್ಲಿ ಇನ್ನೊಂದು ಬಿಲಿಯನ್ ಕೊಟ್ಟ, ಇದು ಮುಖ್ಯವಾಗಿ ಮೆಡಿಕಲ್ ಓದೋರಿಗೆ, ಮನೆ ಆದಾಯ ವರ್ಷಕ್ಕೆ 3 ಲಕ್ಷ ಡಾಲರ್ ಒಳಗಿದ್ರೆ ಕಾಲೇಜು ಫೀಸು ಫ್ರೀ, 1,75,000 ಡಾಲರ್ ಒಳಗಿದ್ರೆ ಊಟ ವಸತಿ ಖರ್ಚೂ ಫ್ರೀ. ಸಾಲ ಇಲ್ಲದೇ ಆಚೆ ಬಂದ ಡಾಕ್ಟರು ಜಾಸ್ತಿ ಸಂಬಳದ ಸ್ಪೆಷಾಲಿಟಿ ಹಿಂದೆ ಓಡದೇ ಮಕ್ಕಳ ಡಾಕ್ಟರು, ಹಳ್ಳಿ ಡಾಕ್ಟರು ಆಗ್ಬಹುದು ಅನ್ನೋದು ಇದರ ಹಿಂದಿನ ಆಸೆ. ಆಗ್ತಾರಾ ಅನ್ನೋದು ಬೇರೆ ಪ್ರಶ್ನೆ, ಸಾಲ ಇಲ್ದೇ ಇದ್ರೂ ದುಡ್ಡು ಎಲ್ರಿಗೂ ಇಷ್ಟನೇ ಅಲ್ವಾ.

ಹಳೇ ವಿದ್ಯಾರ್ಥಿ ದುಡ್ಡು ಕೊಡೋದ್ರಲ್ಲಿ ಇನ್ನೊಂದು ಕಾಣದ ಕೊಂಡಿ ಇದೆ. ಅಮೆರಿಕದ ಎಷ್ಟೋ ದೊಡ್ಡ ಕಾಲೇಜುಗಳಲ್ಲಿ ಅಪ್ಪ ಅಮ್ಮ ಅಲ್ಲೇ ಓದಿದ್ರೆ ಮಕ್ಕಳಿಗೆ ಅಡ್ಮಿಷನ್ನಲ್ಲಿ ಸ್ವಲ್ಪ ಸಲೀಸು, ಅದಕ್ಕೆ ಲೆಗಸಿ ಅಂತಾರೆ, ನಮ್ಮ ಭಾಷೆಲಿ ವಂಶಪಾರಂಪರ್ಯ ಕೋಟಾ ಅನ್ನಿ. ಕಾಲೇಜುಗಳು ಅದನ್ನ ಬಿಡದೇ ಇರೋಕೆ ಹೇಳೋ ಕಾರಣ, ಬಿಟ್ರೆ ಹಳಬರು ದೇಣಿಗೆ ನಿಲ್ಲಿಸ್ತಾರೆ ಅಂತ. ಹಾಪ್ಕಿನ್ಸ್ 2014ರಲ್ಲಿ ಸದ್ದಿಲ್ಲದೇ ಅದನ್ನ ಕೈಬಿಡ್ತು, 2020ರ ಜನವರಿಲಿ ಎಲ್ರಿಗೂ ಹೇಳ್ತು. 2009ರಲ್ಲಿ ಹೊಸದಾಗಿ ಸೇರಿದೋರಲ್ಲಿ ಶೇಕಡ 12.5 ಜನ ಹಳೇ ವಿದ್ಯಾರ್ಥಿಗಳ ಮನೆಯೋರು, 2019ಕ್ಕೆ ಅದು 3.5ಕ್ಕೆ ಇಳೀತು. ಕೈಬಿಟ್ಟ ನಾಲ್ಕು ವರ್ಷಕ್ಕೆ 1.8 ಬಿಲಿಯನ್ ಬಂತು. ಎಲ್ಲ ಕಾಲೇಜಿಗೂ ಒಬ್ಬ ಬ್ಲೂಮ್‌ಬರ್ಗ್ ಸಿಗಲ್ಲ, ಒಪ್ತೀನಿ, ಆದ್ರೂ ದೇಣಿಗೆ ನಿಂತೇಹೋಗುತ್ತೆ ಅನ್ನೋ ಮಾತಿಗೆ ಇದು ಸರಿಯಾದ ಪೆಟ್ಟು.

ಎಂಬಿಎ ಕೊಟ್ಟ ಹಾರ್ವರ್ಡ್‌ಗೆ ಏನ್ ಕೊಟ್ಟ? ಅಲ್ಲಿನ ಬಿಸಿನೆಸ್ ಸ್ಕೂಲ್ ಲೈಬ್ರರಿ ಮೇಲೂ ಇವನ ಮನೆತನದ ಹೆಸರಿದೆ, ಆದ್ರೆ ನಂಗೆ ಇಷ್ಟವಾಗೋದು ಬೇರೆ. 2016ರಲ್ಲಿ 32 ಮಿಲಿಯನ್ ಡಾಲರ್ ಕೊಟ್ಟು ಮೇಯರ್‌ಗಳಿಗೆ ಒಂದು ಸ್ಕೂಲ್ ಶುರು ಮಾಡಿಸ್ದ, ಬಿಸಿನೆಸ್ ಸ್ಕೂಲೂ ಸರ್ಕಾರಿ ಆಡಳಿತ ಕಲಿಸೋ ಕೆನಡಿ ಸ್ಕೂಲೂ ಸೇರಿ ನಡೆಸೋದು, ವರ್ಷಕ್ಕೆ ನಲವತ್ತು ಮೇಯರ್‌ಗಳು ಬಂದು ಊರು ನಡೆಸೋದು ಹೇಗೆ ಅಂತ ಪಾಠ ಕೇಳ್ತಾರೆ. 2021ರಲ್ಲಿ ಅದಕ್ಕೆ 150 ಮಿಲಿಯನ್ ಸೇರಿಸಿ ಕಾಯಂ ಸೆಂಟರ್ ಮಾಡ್ದ. ಮೇಯರ್ ಆಗೋನಿಗೆ ಟ್ರೈನಿಂಗೇ ಇರಲ್ಲ, ಎಲೆಕ್ಷನ್ ಗೆದ್ದ ಮರುದಿನ ಲಕ್ಷಾಂತರ ಜನದ ಕಸ, ನೀರು, ಪೊಲೀಸು ಎಲ್ಲ ತಲೆ ಮೇಲೆ. ಇದು ಇವನಿಗೆ ಸ್ವಂತ ಅನುಭವ.

ಯಾಕಂದ್ರೆ ಇವನು 2002ರಿಂದ 2013ರ ಕೊನೆವರೆಗೆ ಹನ್ನೆರಡು ವರ್ಷ ನ್ಯೂಯಾರ್ಕ್ ಮೇಯರ್. ಗೆದ್ದಿದ್ದು 2001ರ ನವೆಂಬರ್, ಅಂದ್ರೆ ಅವಳಿ ಗೋಪುರ ಬಿದ್ದು ಎರಡು ತಿಂಗಳಿಗೆ, ಪಕ್ಷದ ಒಳಗಿನ ಚುನಾವಣೆ ಇದ್ದಿದ್ದೇ ಸೆಪ್ಟೆಂಬರ್ 11ರಂದು, ಅವತ್ತು ಅದನ್ನ ಅರ್ಧಕ್ಕೆ ನಿಲ್ಲಿಸಿ ಮುಂದೆ ಹಾಕಿದ್ರು. ಜೀವನಪೂರ್ತಿ ಡೆಮಾಕ್ರಟ್ ಆಗಿದ್ದೋನು ಟಿಕೆಟ್ ಸುಲಭ ಅಂತ ರಿಪಬ್ಲಿಕನ್ ಆದ, 2007ರಲ್ಲಿ ಪಕ್ಷೇತರ, 2018ರಲ್ಲಿ ಮತ್ತೆ ಡೆಮಾಕ್ರಟ್. ನಮ್ಮೋರು ಮಾತ್ರ ಪಕ್ಷಾಂತರ ಮಾಡ್ತಾರೆ ಅಂದ್ಕೊಂಡಿದ್ರಾ? ಸಂಬಳ ವರ್ಷಕ್ಕೆ ಒಂದು ಡಾಲರ್, ಮೂರು ಚುನಾವಣೆಗೂ ಸ್ವಂತ ದುಡ್ಡು, ಮೊದಲನೇದಕ್ಕೇ 70 ಮಿಲಿಯನ್ ಡಾಲರ್‌ಗೂ ಜಾಸ್ತಿ. ಯಾರ ಹತ್ರನೂ ದೇಣಿಗೆ ತಗೊಂಡಿಲ್ಲ, ಆದ್ದರಿಂದ ಯಾರ ಹಂಗೂ ಇಲ್ಲ.

ಆ ಹಂಗಿಲ್ಲದಿರೋದ್ರ ಲಾಭ ಊರಿಗೆ ಸಿಕ್ತು. 2003ರಲ್ಲಿ 311 ಅಂತ ಒಂದೇ ನಂಬರ್ ಬಂತು. ನಮ್ಮ ಬೆಂಗಳೂರಲ್ಲಿ ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಗುಂಡಿಗೆ ಪಾಲಿಕೆ ಅಂತ ಒಂದೊಂದು ಬಾಗಿಲು ತಟ್ಟೋದಿದೆಯಲ್ಲ, ಅಲ್ಲೂ ಹಾಗೇ ಇತ್ತು, ಫೋನ್ ಡೈರೆಕ್ಟರಿಲಿ ಪುಟಗಟ್ಟಲೆ ಇಲಾಖೆ ನಂಬರು. ಒಂದೇ ನಂಬರ್ ಆದಾಗ ಜನಕ್ಕೆ ಸಲೀಸಾಗಿದ್ದು ಒಂದು ಕಡೆ, ಯಾವ ಬೀದಿಲಿ ಯಾವ ದೂರು ಎಷ್ಟು ಬಂತು ಅಂತ ಮೇಯರ್ ಕೈಗೆ ಲೆಕ್ಕ ಸಿಕ್ಕಿದ್ದು ಇನ್ನೊಂದು ಕಡೆ. ಇದು ಟರ್ಮಿನಲ್ ಮಾಡಿದೋನ ತಲೆ, ಚದುರಿಹೋಗಿರೋ ಮಾಹಿತಿ ಒಂದು ಪರದೆಗೆ ತರೋದು. ಅದೇ ವರ್ಷ ಬಾರು, ಹೋಟೆಲ್ ಒಳಗೆ ಸಿಗರೇಟ್ ನಿಷೇಧ, ಬಾರ್ ಮಾಲೀಕರು ಬೊಬ್ಬೆ ಹೊಡೆದ್ರು, ಇವನು ಜಗ್ಗಲಿಲ್ಲ, ಮುಂದಿನ ಚುನಾವಣೆಗೆ ಅವರ ದುಡ್ಡು ಬೇಕಾಗಿದ್ರೆ ತಾನೇ. ಎಲ್ಲಾನೂ ನಡೀಲೂ ಇಲ್ಲ, ಊರಿನ ನಡುಭಾಗ ಮ್ಯಾನ್‌ಹ್ಯಾಟನ್ ಒಳಗೆ ಬರೋ ಕಾರಿಗೆ ಶುಲ್ಕ ಹಾಕ್ತೀನಿ ಅಂದಿದ್ದು 2008ರಲ್ಲಿ ರಾಜ್ಯದ ವಿಧಾನಸಭೆಲಿ ವೋಟಿಗೇ ಬರದೇ ಸತ್ತುಹೋಯ್ತು, ಕೊನೆಗೆ ಜಾರಿಗೆ ಬಂದಿದ್ದು 2025ರ ಜನವರಿಲಿ.

ಈಗ ಇನ್ನೊಂದು ಮುಖ. ಲೆಕ್ಕ ಇಟ್ಕೊಂಡು ಆಡಳಿತ ಮಾಡೋದು ಗುಂಡಿ ವಿಷಯದಲ್ಲಿ ಚೆನ್ನಾಗಿರುತ್ತೆ, ಮನುಷ್ಯರ ವಿಷಯದಲ್ಲಿ ಏನಾಗುತ್ತೆ ಅಂತ "ಸ್ಟಾಪ್ ಅಂಡ್ ಫ್ರಿಸ್ಕ್" ತೋರಿಸ್ತು. ಪೊಲೀಸರು ಅನುಮಾನ ಬಂದೋರನ್ನ ಬೀದಿಲಿ ನಿಲ್ಲಿಸಿ ತಡಕೋದು. 2011 ಒಂದೇ ವರ್ಷ 6,85,724 ಸಲ ನಿಲ್ಲಿಸಿದಾರೆ, ಹತ್ತರಲ್ಲಿ ಸುಮಾರು ಒಂಬತ್ತು ಸಲ ಏನೂ ತಪ್ಪಿಲ್ಲ ಅಂತ ಬಿಟ್ಟಿದಾರೆ, ನಿಲ್ಲಿಸಿದೋರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಹುಡುಗರು. ಎಷ್ಟು ಜನರನ್ನ ನಿಲ್ಲಿಸಿದ್ರಿ ಅನ್ನೋ ಸಂಖ್ಯೆನೇ ಕೆಲಸದ ಅಳತೆಗೋಲು ಆದ್ರೆ ಪೊಲೀಸು ಸಂಖ್ಯೆ ತುಂಬಿಸ್ತಾನೆ, ಟಾರ್ಗೆಟ್ ಕೊಟ್ರೆ ನಮ್ಮ ಟ್ರಾಫಿಕ್ ಪೊಲೀಸೂ ತಿಂಗಳ ಕೊನೇಲಿ ಮರದ ಹಿಂದೆ ನಿಂತ್ಕೊಳಲ್ವಾ. 2013ರ ಆಗಸ್ಟ್‌ನಲ್ಲಿ ಫೆಡರಲ್ ಜಡ್ಜ್ ಇದು ಸಂವಿಧಾನಕ್ಕೆ ವಿರುದ್ಧ ಅಂದ್ರು. ಬ್ಲೂಮ್‌ಬರ್ಗ್ ವರ್ಷಗಟ್ಟಲೆ ಸಮರ್ಥನೆ ಮಾಡ್ಕೊಂಡೇ ಬಂದು ಕ್ಷಮೆ ಕೇಳಿದ್ದು 2019ರ ನವೆಂಬರ್‌ನಲ್ಲಿ, ಬ್ರೂಕ್ಲಿನ್‌ನ ಒಂದು ಚರ್ಚಲ್ಲಿ, ಅಧ್ಯಕ್ಷ ಚುನಾವಣೆಗೆ ನಿಲ್ಲೋಕೆ ಸ್ವಲ್ಪ ದಿನ ಮೊದಲು. ಆ ಟೈಮಿಂಗ್ ನೋಡಿ ನಕ್ಕೋರು ಕಡಿಮೆ ಇಲ್ಲ.

ದಾನದ ವಿಷಯಕ್ಕೆ ನೇರ ಸಂಬಂಧ ಇರೋದು ಮೂರನೇ ಅವಧಿ ಕಥೆ. ನ್ಯೂಯಾರ್ಕಲ್ಲಿ ಮೇಯರ್‌ಗೆ ಎರಡೇ ಅವಧಿ ಅಂತ ಜನ 1993 ಮತ್ತು 1996ರಲ್ಲಿ, ಎರಡು ಸಲ ವೋಟ್ ಹಾಕಿ ಹೇಳಿದ್ರು. 2008ರ ಆರ್ಥಿಕ ಕುಸಿತ ಬಂತು, ಇಂಥ ಟೈಮಲ್ಲಿ ನಾನೇ ಬೇಕು ಅಂತ ಹೇಳಿ ಜನರ ಹತ್ರ ಹೋಗದೇ ಸಿಟಿ ಕೌನ್ಸಿಲ್ಲಲ್ಲೇ 29 ವೋಟು ಪರ, 22 ವೋಟು ವಿರುದ್ಧ ಬಂದು ನಿಯಮ ಬದಲಾಯಿಸಿಕೊಂಡ. ಆಗ ಇವನು ತನ್ನ ಸ್ವಂತ ದುಡ್ಡಿಂದ ಊರಿನ ನೂರಾರು ಕಲಾ ಸಂಸ್ಥೆ, ಸಮಾಜಸೇವಾ ಸಂಸ್ಥೆಗಳಿಗೆ ಕೊಡ್ತಿದ್ದ, ಅಂಥ ಕೆಲವು ಸಂಸ್ಥೆಗಳಿಗೆ ಮೇಯರ್ ಕಡೆಯೋರು ಬೆಂಬಲ ಕೊಡಿ ಅಂತ ಕೇಳಿದ್ರು ಅಂತ ನ್ಯೂಯಾರ್ಕ್ ಟೈಮ್ಸ್ ಬರೀತು. ಬಾಯಲ್ಲಿ ಹೇಳೋದೇ ಬೇಕಿಲ್ಲ ಬಿಡಿ, ಉಪ್ಪು ತಿಂದೋರು ವಿರುದ್ಧ ಮಾತಾಡ್ತಾರಾ? ಹಂಗಿಲ್ಲದ ಮನುಷ್ಯ ಸರಿ, ಆದ್ರೆ ಊರೆಲ್ಲ ಅವನ ಹಂಗಲ್ಲಿದ್ರೆ? 2009ರಲ್ಲಿ 100 ಮಿಲಿಯನ್‌ಗೂ ಜಾಸ್ತಿ ಸುರಿದು ಗೆದ್ದಿದ್ದು ಶೇಕಡ ಐದರಷ್ಟೂ ಅಂತರ ಇಲ್ದೆ. 2020ರಲ್ಲಿ ಅಧ್ಯಕ್ಷ ಆಗೋಕೆ ಹೊರಟು ಸುಮಾರು ಒಂದು ಬಿಲಿಯನ್ ಖರ್ಚು ಮಾಡಿ ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನೋ ಪುಟ್ಟ ದ್ವೀಪಗಳ ಗುಂಪು ಒಂದೇ.

ದಾನದ ಮೇಲೂ ಆಕ್ಷೇಪ ಇದೆ, ಅದನ್ನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋಕಾಗಲ್ಲ. ನಮ್ಮ 80ಜಿ ಥರ ಅಲ್ಲೂ ದಾನಕ್ಕೆ ತೆರಿಗೆ ವಿನಾಯಿತಿ ಇದೆ, ಅಂದ್ರೆ ಶ್ರೀಮಂತ ಕೊಟ್ಟ ನೂರು ರೂಪಾಯಿಲಿ ಒಂದಷ್ಟು ಸರ್ಕಾರಕ್ಕೆ ಬರಬೇಕಿದ್ದ ತೆರಿಗೆ, ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡಿದ್ದು ಮಾತ್ರ ಅವನೊಬ್ಬನೇ. ಮೊದಲೇ ಶ್ರೀಮಂತ ಇರೋ ಹಾಪ್ಕಿನ್ಸ್‌ಗೆ ಸುರಿಯೋ ಬದಲು ಸಾಮಾನ್ಯ ಮನೆ ಮಕ್ಕಳು ಲಕ್ಷಗಟ್ಟಲೆ ಓದೋ ಸರ್ಕಾರಿ ಕಮ್ಯುನಿಟಿ ಕಾಲೇಜಿಗೆ ಕೊಟ್ಟಿದ್ರೆ ಎಷ್ಟು ಜನಕ್ಕೆ ಆಗ್ತಿತ್ತು ಅಂತ 2018ರಲ್ಲೇ ತುಂಬಾ ಜನ ಕೇಳಿದ್ರು. ನಂಗೂ ಆ ಪ್ರಶ್ನೆ ಸರಿ ಅನ್ಸುತ್ತೆ, ಆದ್ರೆ ಮನುಷ್ಯ ತಾನು ಕೂತ ಬೆಂಚಿಗೇ ಕೊಡೋದು, ಪಕ್ಕದೂರಿನ ಬೆಂಚಿಗಲ್ಲ, ಹಳೇ ವಿದ್ಯಾರ್ಥಿ ದಾನದ ಬಲನೂ ಅದೇ ಮಿತಿನೂ ಅದೇ.

ನಮ್ಮಲ್ಲಿ ಇದಕ್ಕೆ ಹತ್ತಿರ ಬರೋದು ನಂದನ್ ನಿಲೇಕಣಿ, ತಾವು ಓದಿದ ಐಐಟಿ ಬಾಂಬೆಗೆ ಕೊಟ್ಟಿದ್ದು. 1973ರಲ್ಲಿ ಅಲ್ಲಿ ಸೇರಿ ಐವತ್ತು ವರ್ಷ ಆಯ್ತು ಅಂತ 2023ರಲ್ಲಿ 315 ಕೋಟಿ ಕೊಟ್ರು, ಮೊದಲು ಕೊಟ್ಟಿದ್ದೂ ಸೇರಿ 400 ಕೋಟಿ. ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಬೆಂಗಳೂರಿನ ಬಿಎಟಿಎಫ್ ಕಾರ್ಯಪಡೆ ನಡೆಸಿದ್ದು, ಆಮೇಲೆ ಆಧಾರ್ ಕಟ್ಟಿದ್ದು ಇವರೇ. ಆದ್ರೆ 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಲೋಕಸಭೆಗೆ ನಿಂತು ಅನಂತಕುಮಾರ್ ಎದುರು ಸೋತ್ರು. ಬೆಂಗಳೂರಲ್ಲಿ ಮೇಯರ್ ಆಗಿ ಹನ್ನೆರಡು ವರ್ಷ ಇರೋ ದಾರಿನೇ ಇರ್ಲಿಲ್ಲ ಬಿಡಿ, ಬಿಬಿಎಂಪಿ ಇದ್ದಾಗ ಮೇಯರ್ ಆಗಿ ಇರ್ತಿದ್ದಿದ್ದು ಒಂದೇ ವರ್ಷ, ಗೌನು ಹೊಲಿಸಿ ಹಾಕ್ಕೊಳೋಷ್ಟರಲ್ಲಿ ಮುಗೀತಿತ್ತು.

ಬ್ಲೂಮ್‌ಬರ್ಗ್ ದುಡ್ಡು ಬೆಂಗಳೂರಿಗೂ ಬಂದಿದೆ. ಅವನ ದತ್ತಿ ಸಂಸ್ಥೆಯ ರಸ್ತೆ ಸುರಕ್ಷತೆ ಕಾರ್ಯಕ್ರಮದಲ್ಲಿ ನಮ್ಮೂರೂ ಒಂದು, ಹಾಪ್ಕಿನ್ಸ್‌ನೋರು ಅದರಲ್ಲಿ ಪಾಲುದಾರರು, ಯಾರು ಹೆಲ್ಮೆಟ್ ಹಾಕಿದಾರೆ, ಹಿಂದೆ ಕೂತೋರು ಹಾಕಿದಾರಾ, ಗಾಡಿ ಎಷ್ಟು ಸ್ಪೀಡಲ್ಲಿದೆ ಅಂತ ರಸ್ತೆ ಬದಿಲಿ ನಿಂತು ಎಣಿಸ್ತಾರೆ. ಬಾಂಡ್ ಪತ್ರ ಎಣಿಸೋದ್ರಿಂದ ಶುರು ಮಾಡಿದೋನ ದುಡ್ಡು ಕೊನೆಗೆ ನಮ್ಮ ಹೆಲ್ಮೆಟ್ ಎಣಿಸ್ತಾ ಇದೆ.

ಇಷ್ಟೆಲ್ಲ ಗ್ರೂಪಲ್ಲಿ ಹಾಕಿದ ಮೇಲೆ ನಮ್ಮ ಲೆಕ್ಕನೂ ಹಾಕಿದ್ವಿ. ಎಲ್ಲ ಸೇರಿ ಐದು ಲಕ್ಷ ಆಗುತ್ತೆ, ಎಫ್‌ಡಿಲಿ ಶೇಕಡ 7 ಅಂದ್ರೆ ವರ್ಷಕ್ಕೆ 35,000, ಬೆಲೆಯೇರಿಕೆಗೆ ಶೇಕಡ 5 ವಾಪಸ್ ಅಸಲಿಗೆ ಹಾಕಿದ್ರೆ 25,000 ಹೋಯ್ತು, ಖರ್ಚಿಗೆ ಉಳಿಯೋದು 10,000. ಹತ್ತು ಮಕ್ಕಳ ನೋಟ್‌ಬುಕ್ಕು, ಇಬ್ಬರ ಬಸ್ ಪಾಸು. "ಅಷ್ಟೇನಾ?" ಅಂತ ಒಬ್ಬರು ಹಾಕಿದ್ರು, "ಪ್ರತಿವರ್ಷ ಕಣೋ" ಅಂತ ಅಮೆರಿಕದೋನು ಹಾಕ್ದ, ಅಷ್ಟರಲ್ಲಿ ಮೇಸ್ತ್ರಿ ಕೊಟೇಶನ್ ಫೋಟೋ ಬಂತು. ಈ ಸಲ ಗೋಡೆ ಅಂತ ತೀರ್ಮಾನ ಆಯ್ತು, ದನ ನುಗ್ಗಿ ಗಿಡ ತಿಂತಿದ್ವಲ್ಲ.